ಅತ್ತೆಯ ತೂಕದ ಬೆಲ್ಲ

ಬೆಲ್ಲದ ಪೆಂಟೆಗೆ ಸುತ್ತಿದ ಬಟ್ಟೆ ಬಿಡಿಸಿದರೆ ಸಾಕು, ಇವತ್ತಿಗೂ ನನಗೆ ಶೋಭಾ ಅತ್ತೆಯ ನಗು ಕೇಳಿಸುತ್ತದೆ.

ನಾನಾಗ ಐದನೆಯ ತರಗತಿಯಲ್ಲಿದ್ದೆನೋ ಆರರಲ್ಲೋ, ಖಾತ್ರಿಯಿಲ್ಲ. ಅಪ್ಪನ ತಂಗಿ ಶೋಭಾ ಅತ್ತೆ ತುಂಬ ದಪ್ಪಗಿದ್ದರು. ಹೊಟ್ಟೆ ಸಣ್ಣದು ಮಾಡುವ ಆಪರೇಷನ್ನಿಗೆಂದು ಅವರು ಬೆಳಗಾವಿಗೆ ಹೊರಟಾಗ ಅಜ್ಜಿ ಹರಕೆ ಹೊತ್ತಿದ್ದರು: ಮಗಳು ಸುಖರೂಪ ಮನೆಗೆ ಬಂದರೆ ಅವಳ ತೂಕದಷ್ಟು ಬೆಲ್ಲ ದೇವಿಗೆ.

ವರ್ಷ ಕಳೆದು ಕಬ್ಬೂರಿನ ಗುಡಿಯಲ್ಲಿ ತಕ್ಕಡಿ ಕಟ್ಟಿದ ಮಧ್ಯಾಹ್ನ ಅತ್ತೆ ಕಂಬ ಹಿಡಿದು ನಿಂತುಬಿಟ್ಟರು. ಹುಡುಗಿಯಾಗಿದ್ದಾಗ ಅವರನ್ನು ತಂಬಾಕು ತೂಗುವ ಕಾಟಾದ ಮೇಲೆ ನಿಲ್ಲಿಸಿ ಜನ ನಕ್ಕಿದ್ದರಂತೆ.

“ಎಲ್ಲಾರ ಮುಂದ ನಾ ಕೂಡಂಗಿಲ್ಲವ್ವಾ.”

“ದೇವಿಗೆ ಮಾತ ಕೊಟ್ಟೀನಿ. ಕೂಡ ಬೇ!”

ಅಜ್ಜಿ ಹರಕೆ ಹೊತ್ತ ದಿನದ ತೂಕವನ್ನೇ ಹಿಡಿದು ಬೆಲ್ಲ ಪೇರಿಸಿದ್ದರು. ಅತ್ತೆ ಕಣ್ಣು ಮುಚ್ಚಿ ಕೂತರು. ಹಿಡಿದವರು ಕೈಬಿಟ್ಟದ್ದೇ ತಡ, ಬೆಲ್ಲದ ತಟ್ಟೆ ದಡ್ಡನೆ ನೆಲಕ್ಕೆ ಬಡಿಯಿತು, ಅತ್ತೆ ಮೇಲಕ್ಕೆ ಹಾರಿದರು.

“ಯವ್ವಾ! ಎಲ್ಲಿಗಿ ಹೊಂಟೆ ನಾ?”

ಪೂಜಾರಿ ನಗು ತಡೆದುಕೊಂಡ. “ಆಯಿ, ಬೆಲ್ಲಾ ಭಾಳ ಆತ್ರಿ. ನಾಕೈದ ಪೆಂಟಿ ತಗೀಬೇಕು.”

“ಮುಟ್ಟಬ್ಯಾಡ. ನಾ ಬೇಡಿಕೊಂಡಾಗ ಆಕಿ ಅಷ್ಟ ತೂಕ ಇದ್ದಳು,” ಅಂದರು ಅಜ್ಜಿ.

“ಮತ್ತ ಅಕ್ಕಾರು ಕೆಳಗ ಹೆಂಗ ಇಳೀತಾರ್ರಿ?”

ಎಲ್ಲರೂ ತಲೆಯೆತ್ತಿ ನೋಡಿದೆವು. ಅತ್ತೆ ಹಗ್ಗ ಹಿಡಿದು, ತಟ್ಟೆಯಿಂದ ಕಾಲು ಇಳಿಬಿಟ್ಟು, ಮೆಲ್ಲಗೆ ಜೀಕುತ್ತಿದ್ದರು. ಎಷ್ಟು ಹೊತ್ತು ಹಾಗಿದ್ದರೋ. ನನ್ನ ನೆನಪು ಅದನ್ನು ಎಳೆದು ಉದ್ದ ಮಾಡಿರಬಹುದು.

“ಅವಸರಾ ಏನೈತ್ರಿ?” ಅಂದು ಅತ್ತೆ ನಕ್ಕರು. “ಇನ್ನೂ ಯಾರ್ಯಾರು ನೋಡಿಲ್ಲ, ಕರೀರಿ.”