ವರ್ಷ ತುಂಬುವ ಮುನ್ನ

ಅತ್ತೆಯ ಮಂಡಿ ಆಪರೇಷನ್ನಿಗೆಂದು ವಾರಿಜ ಅಮೆರಿಕದಿಂದ ಬಂದು ಹನ್ನೊಂದು ತಿಂಗಳು ದಾಟಿತ್ತು. ಟಿಕೆಟ್ ಮಾತೆತ್ತಿದಾಗಲೆಲ್ಲ ಅತ್ತೆಗೆ ನೋವು ಮರುಕಳಿಸುತ್ತಿತ್ತು; ಸೊಸೆಯ ತೋಳು ಹಿಡಿಯದೆ ಬಚ್ಚಲಿಗೂ ಹೋಗುತ್ತಿರಲಿಲ್ಲ. ಅವಳ ಸಪ್ಪೆ ಸಾರಿಗೆ ಮಾತ್ರ ದಿನವೂ ಮುಖ ಕಿವುಚುತ್ತಿದ್ದರು.

ಕೊನೆಗೆ ವಾರಿಜ ಬಾಯಿಬಿಟ್ಟಳು. "ಅತ್ತೆ, ಮುಂದಿನ ವಾರಕ್ಕೆ ವರ್ಷ ತುಂಬುತ್ತೆ. ಅಷ್ಟರೊಳಗೆ ವಾಪಸ್ ಹೋಗದಿದ್ರೆ ನನ್ನ ಗ್ರೀನ್ ಕಾರ್ಡ್ ಹೋಗಿಬಿಡುತ್ತೆ."

ಅತ್ತೆ ಮಂಡಿ ನೀವಿಕೊಂಡರು. "ಹೋದ್ರೆ ಹೋಗ್ಲಿ ಬಿಡೇ. ಮನುಷ್ಯರಿಗಿಂತ ಕಾರ್ಡು ಹೆಚ್ಚಾ?"

"ಅದೂ ಸರಿಯೇ. ನಿಮ್ಮ ಮಗನಿಗೆ ಹೇಳಿಬಿಡ್ತೀನಿ. ಇನ್ನು ನಾನು ಖಾಯಂ ಇಲ್ಲೇ. ಅಡುಗೆಮನೆ ಪೂರ್ತಿ ನನಗೇ ಬಿಡಿ."

"ಖಾಯಂ ಅಂದ್ರೆ?"

"ಕೊನೇತನಕ, ಅತ್ತೆ."

ಅವಳು ಒಳಗಿನಿಂದ ಫೋನ್ ತರುವಷ್ಟರಲ್ಲಿ ಅತ್ತೆ ಸ್ಟೂಲ್ ಹತ್ತಿ, ಬೀರುವಿನ ಮೇಲಿದ್ದ ಸೊಸೆಯ ಸೂಟ್‌ಕೇಸ್ ಇಳಿಸುತ್ತಿದ್ದರು.