ಮಾನಸಳ ಗುರುವಾರಗಳು

ಅಟ್ಟದ ಮೇಲೆ ಹುಳದ ಔಷಧಿಯ ಬಾಟಲಿ ಇರಲಿಲ್ಲ.

ಕೋಮಲಾ ಮತ್ತೊಮ್ಮೆ ಕೈಯಾಡಿಸಿದಳು. ಹಳೇ ಗೋಣಿಚೀಲ, ತುಕ್ಕು ಹಿಡಿದ ಸ್ಪ್ರೇ ಪಂಪು, ಅಷ್ಟೇ. ಹೊಲವನ್ನು ಮೈದುನನಿಗೆ ಗುತ್ತಿಗೆಗೆ ಕೊಟ್ಟ ಮೇಲೆ ಆ ಮೂಲೆಯನ್ನು ಯಾರೂ ಮುಟ್ಟಿರಲಿಲ್ಲ. ಹೋದ ವಾರ ಅವಳ ನಿದ್ದೆ ಮಾತ್ರೆಯ ಪಟ್ಟಿಯೂ ಮಾಯವಾಗಿತ್ತು. ಮನೆಯಲ್ಲಿ ಇರುವವರು ಇಬ್ಬರೇ. ಅವಳು, ಒಂಬತ್ತನೇ ಕ್ಲಾಸಿನ ಮಗಳು ಮಾನಸ.

ಏಣಿಯ ಮೇಲಿರುವಾಗಲೇ ಫೋನ್ ಬಡಿದುಕೊಂಡಿತು. ಅಜ್ಜಂಪುರದ ಸ್ಕೂಲಿನಿಂದ.

"ಕೌನ್ಸೆಲರ್ ಮೇಡಂ ನಿಮ್ಮನ್ನ ಈಗ್ಲೇ ನೋಡ್ಬೇಕಂತೆ ಕಣ್ರೀ. ಮಾನಸ ಅವ್ರ ರೂಮಲ್ಲೇ ಕೂತಿದಾಳೆ."

ಏಣಿಯನ್ನು ಅಲ್ಲೇ ಬಿಟ್ಟು ಹೊರಗೆ ಓಡಿದಳು.

ಮೈದುನ ತಿಪ್ಪೇಶ್ ಬೈಕಿನಲ್ಲಿ ಕೂರಿಸಿಕೊಂಡ. ಬುಕ್ಕಾಂಬುಧಿಯ ಕೆರೆ ಏರಿ ದಾಟುವವರೆಗೂ ಅವನ ಗೊಣಗಾಟ ನಿಲ್ಲಲಿಲ್ಲ.

"ಕೌನ್ಸೆಲರ್ ಅಂದ್ರೆ ಹುಚ್ಚಿಗೆ ನೋಡೋರು ತಾನೆ ಅತ್ತಿಗೆ? ಸುದ್ದಿ ಹಬ್ಬಿದ್ರೆ ನಾಳೆ ಹುಡುಗೀನ ಯಾರು ಮಾಡ್ಕೋತಾರೆ?"

"ಸುಮ್ನೆ ಗಾಡಿ ಓಡ್ಸಪ್ಪ."

ಮಗಳು ಬದಲಾಗಿದ್ದು ನಿಜ. ಅಪ್ಪ ಕಾಂತರಾಜು ತೀರಿಕೊಂಡಾಗ ಅಳದವಳು ಈಗ ಸುಮ್ಮಸುಮ್ಮನೆ ಅಳುತ್ತಾಳೆ. ರಾತ್ರಿ ಅಮ್ಮನ ಸೆರಗನ್ನು ಕೈಗೆ ಸುತ್ತಿಕೊಂಡೇ ಮಲಗುತ್ತಾಳೆ. ಬಟ್ಟೆ ಒಗೆಯಲು ಕೆರೆಗೆ ಹೊರಟರೆ ಸ್ಕೂಲು ತಪ್ಪಿಸಿ ಹಿಂದೆ ಬರುತ್ತಾಳೆ.

ನಿನ್ನೆಯದಂತೂ ವಿಚಿತ್ರ. ಆ ಮನೆತನದ ಬೆಂಡೋಲೆ ತಾಯಿಯ ಕಿವಿಯಿಂದ ಮಗಳ ಕಿವಿಗೆ ಹೋಗುವುದು ಮದುವೆಯ ದಿನ. ಬಳೆ ಒಡೆದ ದಿನವೂ ಕೋಮಲಾ ಅದನ್ನು ಬಿಚ್ಚಿರಲಿಲ್ಲ. ನಿನ್ನೆ ಬಿಚ್ಚಿ, "ಹಾಕ್ಕೊಳೇ, ಚೆಂದ ಕಾಣ್ತೀಯ" ಎಂದು ಕೊಟ್ಟರೆ, ಮಾನಸ ಹಾವು ಕಂಡವಳಂತೆ ಹಿಂದೆ ಸರಿದಿದ್ದಳು.

ಕೌನ್ಸೆಲರ್ ಶ್ರುತಿ ಗುರುವಾರಕ್ಕೊಮ್ಮೆ ತರೀಕೆರೆಯಿಂದ ಬರುವವಳು. ಆಟದ ಸಾಮಾನಿನ ಕೋಣೆಯೇ ಅವಳ ಕೋಣೆ. ಮೇಜಿನಾಚೆ ಕೂತು ಕೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲವೆಂದು ಕೇರಂ ಆಡುತ್ತಲೇ ಮಾತಾಡಿಸುತ್ತಿದ್ದಳು. ಹಲಗೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ ಮಾನಸ, ಅಮ್ಮನನ್ನು ಕಂಡದ್ದೇ ಎದ್ದು ಹೊರಗೆ ಹೋದಳು.

"ತಿಂಗಳಿಂದ ಪ್ರತಿ ಗುರುವಾರ ಬರ್ತಿದಾಳೆ," ಎಂದಳು ಶ್ರುತಿ. "ಇವತ್ತು ಇವನ್ನ ತಂದ್ಲು. ಅದಕ್ಕೇ ತಡ ಮಾಡ್ಲಿಲ್ಲ."

ಬೀರು ತೆರೆದಳು. ವಾಲಿಬಾಲುಗಳ ಪಕ್ಕದಲ್ಲಿ ಆ ಬಾಟಲಿ. ಆ ಮಾತ್ರೆ ಪಟ್ಟಿ.

ಕೋಮಲಾ ಮಗಳು ಹೋದ ಬಾಗಿಲತ್ತ ತಿರುಗಿದಳು. "ಅಯ್ಯೋ, ಇನ್ನೂ ಮಗು ಕಣ್ರೀ ಅದು. ಇಂಥ ಯೋಚ್ನೆ ಯಾಕ್ ಬಂತು? ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳೋಕಾಗಿರಲ್ಲ ಅಕ್ಕಾ. ಎದುರಿಗಿರೋರು ನೊಂದ್ಕೋತಾರೆ ಅಂತ ಒಳಗೇ ಇಟ್ಕೊಂಡಿರ್ತಾರೆ. ಇದು ತಪ್ಪಲ್ಲ, ಹುಚ್ಚೂ ಅಲ್ಲ. ವಾಸಿ ಆಗುತ್ತೆ. ತರೀಕೆರೇಲಿ ನನಗೆ ಗೊತ್ತಿರೋ ಡಾಕ್ಟ್ರಿದಾರೆ. ಇವತ್ತೇ ಹೋಗೋಣ, ನಾನೂ ಜೊತೇಲಿರ್ತೀನಿ."

"ಕರ್ಕೊಂಡ್ ಬತ್ತೀನಿ ಮೇಡಂ. ಯಾರೇನಾದ್ರೂ ಅನ್ಕೊಳ್ಳಿ. ನನ್ ಮಗಳು ಉಳಿದ್ರೆ ಸಾಕು."

ಶ್ರುತಿ ಮಾನಸ ಕೂತಿದ್ದ ಕುರ್ಚಿಯನ್ನೇ ಎಳೆದು ಕೋಮಲಾಳನ್ನು ಕೂರಿಸಿದಳು. ಮಾನಸ ಬ್ಯಾಗಿನಲ್ಲಿ ತಂದುಕೊಟ್ಟಿದ್ದ ಬೆಂಡೋಲೆಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಆ ಕೈಯನ್ನು ಬಿಡದೆ ಹಿಡಿದುಕೊಂಡಳು.

"ಮಾನಸ ಚೆನ್ನಾಗಿದಾಳೆ ಅಕ್ಕಾ. ಇವನ್ನೆಲ್ಲ ಅವಳು ಬಚ್ಚಿಟ್ಟಿದ್ದು ನಿಮ್ಮ ಕೈಗೆ ಸಿಗಬಾರ್ದು ಅಂತ. ಈ ಓಲೇನ ಅವಳ ಮದುವೆ ದಿನ ನೀವೇ ಹಾಕ್ಬೇಕಂತೆ."