ತಿರುವಿನ ಮೊಳೆ

ಗುರುಗಳು ಸೈಕಲ್ಲಿನ ಮುಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಾಗಲೇ ಅಳತೆಗಾರ ಕಣ್ಣನ್ನು ಬೇರೆಡೆಗೆ ಹೊರಳಿಸಿದ.

ಬೆಳಗಿನ ಆರು ಗಂಟೆ. ವಾಹನಗಳನ್ನು ತಡೆದು ರಸ್ತೆ ಖಾಲಿ ಮಾಡಿಸಿದ್ದರು. ಎರಡು ತಿಂಗಳ ಹಿಂದೆ ಇದೇ ರಸ್ತೆಯನ್ನು ಅಳೆದು, ಓಟಕ್ಕೆ ಸರಿಯಾಗಿ ಹತ್ತು ಕಿಲೋಮೀಟರ್ ಇದೆಯೆಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದವನು ಅವನು. ಹೋದ ಭಾನುವಾರ ಇದರ ಮೇಲೆ ಓಡಿ ಗೆದ್ದವಳು ಅವನ ತಂಗಿ. ಜನರ ಬಾಯಿಗೆ ಇಷ್ಟು ಸಾಲದೆ?

ರಸ್ತೆ ಕಡಿಮೆಯಿದೆ, ಮತ್ತೆ ಅಳೆಯಿಸಿ ಎಂದು ದೂರು ಕೊಟ್ಟವರು ಎರಡನೆಯವಳಾಗಿ ಬಂದ ಹುಡುಗಿಯ ತರಬೇತುದಾರರು. ಅವರ ಕೊರಳಿಂದ ಸೀಟಿ ಇಳಿದದ್ದನ್ನು ಕಂಡವರಿಲ್ಲ. ಹಾಗಾಗಿ ಎಲ್ಲರಿಗೂ ಅವರು ಸೀಟಿ ಮೇಷ್ಟ್ರು. ರಸ್ತೆ ಒಂದೇ ಒಂದು ಮೀಟರ್ ಕಡಿಮೆ ಬಂದರೂ ಗೆಲುವು ರದ್ದಾಗುತ್ತಿತ್ತು. ತಂಗಿಯ ಪಾಲಿಗೆ ಉಳಿದದ್ದು ಆ ಗೆಲುವೊಂದೇ. ದೇಶದ ತಂಡಕ್ಕೆ ಬೇಕಿದ್ದ ಸಮಯ ಅದೇ ಓಟದಲ್ಲಿ ಆರು ಸೆಕೆಂಡಿನಲ್ಲಿ ಅವಳ ಕೈತಪ್ಪಿತ್ತು. ಮೂವತ್ತೊಂದು ವರ್ಷ, ಇನ್ನೊಂದು ಅವಕಾಶ ಬರುವ ವಯಸ್ಸಲ್ಲ. ಅಂದು ಮನೆಗೆ ಬಂದವಳೇ ಶೂ ಕಳಚಿ, "ಯಾರಿಗಾದ್ರೂ ಕೊಟ್ಬಿಡಿ ಅತ್ತಿಗೆ" ಎಂದು ಅವನ ಹೆಂಡತಿಯ ಕೈಗಿಟ್ಟಿದ್ದಳು. ಗಡಿಯಾರದಲ್ಲಿ ಆ ಸಮಯ ನೋಡಿದ ಗಳಿಗೆಯಿಂದ ಅಳತೆಗಾರನಿಗೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

ಗುರುಗಳು ಮೊದಲು ಉಕ್ಕಿನ ಟೇಪು ಹಿಡಿದು ಮುನ್ನೂರು ಮೀಟರ್ ಅಳೆದರು. ಅದರ ಮೇಲೆ ನಾಲ್ಕು ಸಲ ಸೈಕಲ್ ತುಳಿದು, ಚಕ್ರಕ್ಕೆ ಕಟ್ಟಿದ ಕೌಂಟರಿನ ಅಂಕಿಯನ್ನು ಬರೆದುಕೊಂಡರು. ಒಂದು ಮೀಟರಿಗೆ ಎಷ್ಟು ಅಂಕಿ ಎಂದು ಗೊತ್ತಾಗುವುದು ಹೀಗೆ. ಅವನಿಗೆ ಈ ಕೆಲಸ ಕಲಿಸಿದವರೂ ಅವರೇ. ಅವರ ಕಣ್ಣಿಗೆ ಮಣ್ಣೆರಚುವುದು ಆಗದ ಮಾತು.

"ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸಿದ್ದೀಯ ತಾನೆ?" ಎಂದು ಕೇಳಿದರು. ರಸ್ತೆ ಕಡಿಮೆ ಬೀಳದಿರಲೆಂದು ಹಾಗೆ ಸೇರಿಸುವುದು ನಿಯಮ.

"ಸೇರಿಸಿದ್ದೀನಿ ಗುರುಗಳೇ."

"ಅದನ್ನೂ ನುಂಗಿರ್ತಾನೆ," ಎಂದರು ಸೀಟಿ ಮೇಷ್ಟ್ರು, ಪಕ್ಕದ ಲೈಟು ಕಂಬಕ್ಕೆ ಹೇಳುವವರಂತೆ.

ಹೊರಟರು. ಗುರುಗಳು ರಸ್ತೆಯಂಚಿಗೆ ಒಂದಡಿ ಬಿಟ್ಟು, ಓಟಗಾರರು ಹಿಡಿಯುವ ಅತಿ ಹತ್ತಿರದ ದಾರಿಯಲ್ಲೇ ತುಳಿದರು. ಅವನು ಇನ್ನೊಂದು ಸೈಕಲ್ಲಿನಲ್ಲಿ ಹಿಂದೆ. ಮಾತಾಡುವಂತಿಲ್ಲ, ಮುಟ್ಟುವಂತಿಲ್ಲ, ಸುಮ್ಮನೆ ಹಿಂಬಾಲಿಸಬೇಕು. ಕೌಂಟರಿನ ಟಿಕ್ ಟಿಕ್ ಅವನ ಎದೆಯಲ್ಲೇ ಹೊಡೆದುಕೊಳ್ಳುತ್ತಿತ್ತು.

ಅರ್ಧ ದಾರಿಗೆ ಓಟಗಾರರು ಹಿಂತಿರುಗುವ ತಿರುವು. ಅದರ ಗುರುತು, ರಸ್ತೆಯಂಚಿಗೆ ಬಡಿದ ಒಂದು ಮೊಳೆ. ಎರಡು ತಿಂಗಳ ಹಿಂದೆ ಕೌಂಟರ್ ತೋರಿಸಿದ ಜಾಗದಲ್ಲಿ ಆ ಮೊಳೆ ಇರಲಿಲ್ಲ. ಅದು ಗೊತ್ತಿದ್ದವನು ಅವನೊಬ್ಬನೇ. ತಂಗಿಯ ಒಳ್ಳೆಯದಕ್ಕೆಂದೇ ಮಾಡಿದ್ದು. ಆಗ ತಾನು ಭಾರೀ ಬುದ್ಧಿವಂತ ಎನಿಸಿತ್ತು. ಈಗಲೇ ಹೇಳಿಬಿಡಲೇ ಎಂದು ಬಾಯಿ ತೆರೆದ. ತಿರುವಿನಲ್ಲಿ ತಂಗಿ ವಾಹನ ತಡೆಯಲು ಕೆಂಪು ಬಾವುಟ ಹಿಡಿದು ನಿಂತಿದ್ದಳು. ತೆರೆದ ಬಾಯಿ ಮುಚ್ಚಿ ಸೈಕಲ್ಲಿನಿಂದ ಇಳಿದ.

ಗುರುಗಳು ಬಗ್ಗಿ ಮೊಳೆ ನೋಡಿ ಅಂಕಿ ಬರೆದುಕೊಳ್ಳುವಾಗ ಅವಳು ಹತ್ತಿರ ಬಂದಳು.

"ಏನೇ ಬರ್ಲಿ ಅಣ್ಣ, ನೀನು ಹೆದರ್ಬೇಡ. ಇಬ್ಬರೂ ಒಟ್ಟಿಗೇ ಮನೆಗೆ ಹೋಗೋಣ."

ಅವನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಹಿಂದಿರುಗಿದ ಮೇಲೆ ಗುರುಗಳು ಮತ್ತೆ ಆ ಮುನ್ನೂರು ಮೀಟರಿನ ಮೇಲೆ ನಾಲ್ಕು ಸಲ ತುಳಿದರು. ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. ಹೊಡೆದುಹಾಕಿ ಮತ್ತೆ ಹಾಕಿದರು. ಅವನು ಶಿಕ್ಷೆಗೆ ನಿಂತವನಂತೆ ಕೈಕಟ್ಟಿ ನಿಂತಿದ್ದ.

"ಕಡಿಮೆ ಇಲ್ಲ," ಎಂದರು ಕೊನೆಗೆ. "ನಿಯಮದ ಹತ್ತು ಮೀಟರ್ ಇದೆ. ಅದರ ಮೇಲೆ ಇನ್ನೂ ನಲವತ್ತು ಮೀಟರ್ ಜಾಸ್ತಿ ಇದೆ."

ಸೀಟಿ ಮೇಷ್ಟ್ರು ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಹೊರಟುಹೋದರು.

"ಹಾಗಾದ್ರೆ ಅವಳ ಸಮಯ?" ಅಳತೆಗಾರ ಮೆಲ್ಲಗೆ ಕೇಳಿದ.

"ಜಾಸ್ತಿ ಓಡಿದ್ದಕ್ಕೆ ಸೆಕೆಂಡು ವಾಪಸ್ ಕೊಡೋ ನಿಯಮ ಯಾವ ಪುಸ್ತಕದಲ್ಲೂ ಇಲ್ಲಪ್ಪ." ಗುರುಗಳು ಅವನನ್ನು ದೀರ್ಘವಾಗಿ ನೋಡಿದರು. ಮುಂದೆ ಏನೂ ಕೇಳದೆ ಸಹಿ ಹಾಕಿದರು.

ಗೆಲುವು ಉಳಿಯಿತೆಂದು ಯಾರೋ ಹೇಳಿದ್ದೇ ತಡ, ತಿರುವಿನಿಂದ ಆಗಲೇ ವಾಪಸಾಗಿದ್ದ ತಂಗಿ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು. ಆ ಸಂತೋಷದಲ್ಲಿ ಅವಳಿನ್ನೂ ಲೆಕ್ಕ ಹಾಕಿರಲಿಲ್ಲ.

"ತಪ್ಪಾಯ್ತು ಅಣ್ಣ. ನನಗೋಸ್ಕರ ನೀನು ರಸ್ತೆ ಕಡಿಮೆ ಮಾಡಿದ್ದೀಯೇನೋ ಅಂತ ನಾನೂ ಅನುಮಾನ ಪಟ್ಟಿದ್ದೆ. ಹೊಟ್ಟೆಗೆ ಹಾಕ್ಕೋ."

ಆ ಒಂದು ಮಾತು ಯಾರ ಬಾಯಲ್ಲೂ ಬರಬಾರದೆಂದೇ ಅವನು ತಿರುವಿನ ಮೊಳೆಯನ್ನು ಇಪ್ಪತ್ತು ಮೀಟರ್ ಆಚೆಗೆ ಬಡಿದಿದ್ದ. ಹೋಗುವಾಗ ಇಪ್ಪತ್ತು, ಬರುವಾಗ ಇಪ್ಪತ್ತು. ಅವಳ ಕಾಲಿಗೆ ಎಂಟು ಸೆಕೆಂಡು. ಅವಳಿಗೆ ಬೇಕಿದ್ದದ್ದು ಆರು.